ಮೆನು ಕಾರ್ಡಿನ ಬಲಗಡೆ

ಮೆನು ಕಾರ್ಡ್ ಕೈಗೆ ಬಂದಾಗ ಕೆಲವರು ಎಡಗಡೆಯಿಂದ ಓದುತ್ತಾರೆ, ಕೆಲವರು ಬಲಗಡೆಯಿಂದ. ಎಡಗಡೆ ತಿಂಡಿಯ ಹೆಸರು, ಬಲಗಡೆ ಬೆಲೆ. ನಮ್ಮ ಮನೆಯವರೆಲ್ಲ ಬಲಗಡೆಯಿಂದ ಓದುವವರು. ಅಪ್ಪನಂತೂ ಬೆಲೆಗಳ ಮೇಲೆ ಬೆರಳಾಡಿಸುತ್ತಾ ಇಳಿದು, ಎಲ್ಲಕ್ಕಿಂತ ಕಡಿಮೆ ಇರುವ ಸಾಲಿನಲ್ಲಿ ನಿಂತು, ಅದೇನು ತಿಂಡಿ ಎಂದು ಆಮೇಲೆ ನೋಡುತ್ತಾರೆ. ‘ನನಗೆ ಇದು ಸಾಕು’ ಎನ್ನುತ್ತಾರೆ. ಪಕ್ಕದ ತಟ್ಟೆಯಲ್ಲಿರುವುದರ ಮೇಲೆ ಅವರಿಗೆ ಆಸೆಯಿದೆ ಎಂದು ಮೇಜಿನ ಸುತ್ತ ಕೂತವರಿಗೆಲ್ಲ ಗೊತ್ತಿರುತ್ತದೆ. ಹೀಗೆ ಮನಸ್ಸು ಮುರಿದು ಉಳಿಸಿದ ನೂರು ರೂಪಾಯಿಯನ್ನು ಉಳಿತಾಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತಿನ್ನಬೇಕೆಂದು ಹೋದದ್ದನ್ನು ತೃಪ್ತಿಯಾಗಿ ತಿಂದು, ಬೇಡದ್ದಕ್ಕೆ ಒಂದು ರೂಪಾಯಿಯನ್ನೂ ಕೊಡದೆ ಎದ್ದು ಬರುವುದೇ ಉಳಿತಾಯ. ಅದು ಸಾಧ್ಯವಿದೆ. ಹೊರಗಿನ ಊಟದಲ್ಲಿ ನಮ್ಮ ಹಣ ಹೆಚ್ಚಾಗಿ ಸೋರಿಹೋಗುವುದು ತಿಂಡಿಯ ಬೆಲೆಯಿಂದಲ್ಲ, ಸಂಕೋಚದಿಂದ. ಸಾದಾ ನೀರು ಕೇಳಲು ಸಂಕೋಚ, ಬೇಡ ಎನ್ನಲು ಸಂಕೋಚ, ಬಿಲ್ಲನ್ನು ನಿಧಾನವಾಗಿ ಓದಲು ಸಂಕೋಚ.

ದರ್ಶಿನಿಯಲ್ಲಿ ಇದಾವುದರ ಗೊಡವೆಯಿಲ್ಲ. ಗೋಡೆಯ ಮೇಲೆ ಬೆಲೆ ಬರೆದಿರುತ್ತದೆ. ಕೌಂಟರಿನಲ್ಲಿ ಹಣ ಕೊಟ್ಟು, ಚೀಟಿ ಪಡೆದು, ನಿಂತು ತಿಂದು, ಕೈ ತೊಳೆದು ಹೊರಡುತ್ತೇವೆ. ಬರೆದಷ್ಟೇ ಬೆಲೆ, ತಿಂದಷ್ಟೇ ಖರ್ಚು. ಚೈನ್ ರೆಸ್ಟೋರೆಂಟುಗಳ ರೀತಿ ಬೇರೆ. ಅಲ್ಲಿ ಬೆಲೆ ಎಂಬುದು ಹಲವು ತುಂಡುಗಳನ್ನು ಜೋಡಿಸಿ ಮಾಡಿದ್ದು: ಮೂಲ ಬೆಲೆ, ಕಾಂಬೊ, ಕೂಪನ್, ತೆರಿಗೆ, ಸೇವಾ ಶುಲ್ಕ, ಪ್ಯಾಕಿಂಗ್. ಆದರೆ ಒಂದು ಅನುಕೂಲವೂ ಇದೆ. ಒಂದೇ ಚೈನಿನ ಎಲ್ಲ ಮಳಿಗೆಗಳ ಪದ್ಧತಿ ಹೆಚ್ಚುಕಡಿಮೆ ಒಂದೇ. ಒಮ್ಮೆ ಗಮನವಿಟ್ಟು ಕಲಿತರೆ ಮೈಸೂರಿನಲ್ಲೂ ಹುಬ್ಬಳ್ಳಿಯಲ್ಲೂ ಅದು ನಡೆಯುತ್ತದೆ.

ಈ ಬಗೆಯ ಹೋಟೆಲುಗಳಿಗೂ ಬೆಂಗಳೂರಿಗೂ ಹಳೆಯ ನಂಟು. ಕೆಎಫ್‌ಸಿ ಭಾರತದಲ್ಲಿ ಮೊದಲ ಮಳಿಗೆ ತೆರೆದದ್ದು 1995ರಲ್ಲಿ, ನಮ್ಮ ಬ್ರಿಗೇಡ್ ರಸ್ತೆಯಲ್ಲಿ. ಮರುವರ್ಷದ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು ಅದರ ಮೇಲೆ ದಾಳಿ ಮಾಡಿದ ಸುದ್ದಿ ದೇಶವನ್ನೇ ಸುತ್ತಿತು. ಪಿಜ್ಜಾ ಹಟ್ ಕೂಡ 1996ರಲ್ಲಿ ಮೊದಲು ಬಂದದ್ದು ಬೆಂಗಳೂರಿಗೇ. ಡಾಮಿನೋಸ್ ಮತ್ತು ಮೆಕ್‌ಡೊನಾಲ್ಡ್ಸ್ ಅದೇ ವರ್ಷ ದೆಹಲಿಯಲ್ಲಿ ಬಾಗಿಲು ತೆರೆದವು. ಆಗ ಇವುಗಳೊಳಗೆ ಕಾಲಿಡುವುದೇ ಒಂದು ಅಂತಸ್ತಿನ ಮಾತಾಗಿತ್ತು. ಇಂದು ಜಿಲ್ಲಾ ಕೇಂದ್ರಗಳ ಬಸ್ ನಿಲ್ದಾಣದ ಬಳಿಯೂ ಪಿಜ್ಜಾ ಸಿಗುತ್ತದೆ, ಮಕ್ಕಳ ಹುಟ್ಟುಹಬ್ಬಕ್ಕೆ ಹಳ್ಳಿಯಿಂದಲೂ ಅಲ್ಲಿಗೆ ಬರುತ್ತಾರೆ. ಅಂತಸ್ತು ಹೋಯಿತು, ಆ ಕಾಲದ ಸಂಕೋಚ ಮಾತ್ರ ಹಾಗೇ ಉಳಿದುಕೊಂಡಿದೆ.

ಬಿಲ್ಲಿನಿಂದಲೇ ತೊಡಗುತ್ತೇನೆ, ಏಕೆಂದರೆ ಅತ್ಯಂತ ಸುಲಭವಾಗಿ ಹಣ ಉಳಿಯುವುದು ಅಲ್ಲಿ. ಮೊದಲ ಕೆಲವು ಸಾಲುಗಳಲ್ಲಿ ನಾವು ತಿಂದದ್ದು ಇರುತ್ತದೆ. ಕೊನೆಯಲ್ಲಿ ತೆರಿಗೆ: ಕೇಂದ್ರದ ಪಾಲಾದ ಸಿಜಿಎಸ್‌ಟಿ ಎರಡೂವರೆ ಶೇಕಡ, ರಾಜ್ಯದ ಪಾಲಾದ ಎಸ್‌ಜಿಎಸ್‌ಟಿ ಎರಡೂವರೆ ಶೇಕಡ, ಒಟ್ಟು 5. ಇದು ಸರ್ಕಾರಕ್ಕೆ ಸೇರುವ ಹಣ, ಇದರಲ್ಲಿ ಚೌಕಾಸಿಯಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎಸಿ ಇರುವ ರೆಸ್ಟೋರೆಂಟುಗಳಿಗೆ ಶೇಕಡ 18, ಇಲ್ಲದವಕ್ಕೆ ಶೇಕಡ 12 ಇತ್ತು. ಅದೇ ವರ್ಷದ ನವೆಂಬರ್ 15ರಿಂದ ಎರಡಕ್ಕೂ 5 ಆಯಿತು. ಅದಕ್ಕೆ ಬದಲಾಗಿ, ತಾವು ಕೊಳ್ಳುವ ಸಾಮಾನು ಮತ್ತು ಕಟ್ಟುವ ಬಾಡಿಗೆಯ ಮೇಲಿನ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಿಂದ ಕಳೆಯುವ ಸೌಲಭ್ಯ ಹೋಟೆಲುಗಳಿಗೆ ತಪ್ಪಿತು. ತೆರಿಗೆ ಇಳಿದ ಕೂಡಲೇ ಹಲವು ಕಡೆ ಮೂಲ ಬೆಲೆ ಏರಿತು. ನಮ್ಮ ಭಾಗದಲ್ಲಿ ಮೆಕ್‌ಡೊನಾಲ್ಡ್ಸ್ ನಡೆಸುವ ಕಂಪನಿಯು ಹೀಗೆ 7 ಕೋಟಿ ರೂಪಾಯಿಗೂ ಹೆಚ್ಚು ಅಧಿಕ ಲಾಭ ಪಡೆದಿದೆ ಎಂದು ರಾಷ್ಟ್ರೀಯ ಲಾಭಕೋರತನ ತಡೆ ಪ್ರಾಧಿಕಾರ 2018ರಲ್ಲಿ ಆದೇಶ ನೀಡಿತ್ತು. ತೆರಿಗೆಯ ಸಾಲು ಚಿಕ್ಕದಾದರೂ ಬಿಲ್ಲು ಚಿಕ್ಕದಾಗಲಿಲ್ಲವಲ್ಲ ಎಂದು ಆಗ ಅನ್ನಿಸಿದವರ ಅನುಮಾನ ಸುಳ್ಳಾಗಿರಲಿಲ್ಲ.

ತಿಂಡಿಗೂ ತೆರಿಗೆಗೂ ನಡುವೆ ಕೆಲವೆಡೆ ಇನ್ನೊಂದು ಸಾಲು ಕೂತಿರುತ್ತದೆ. ಸೇವಾ ಶುಲ್ಕ, ಶೇಕಡ 5 ಅಥವಾ 10. ಮಾಲುಗಳಲ್ಲಿರುವ, ಬಟ್ಟೆಯ ಕರವಸ್ತ್ರ ಮಡಿಸಿಟ್ಟಿರುವ ರೆಸ್ಟೋರೆಂಟುಗಳಲ್ಲಿ ಇದು ಹೆಚ್ಚು. ತೆರಿಗೆಯ ಸಾಲಿಗೆ ಅಂಟಿಕೊಂಡೇ ಇರುವುದರಿಂದ ಇದೂ ತೆರಿಗೆಯೇ ಎಂದುಕೊಂಡು ಕೊಟ್ಟುಬಿಡುವವರು ಬಹಳ ಜನ. ಇದು ತೆರಿಗೆಯಲ್ಲ, ಕಡ್ಡಾಯವೂ ಅಲ್ಲ. ಹೋಟೆಲ್ ಅಥವಾ ರೆಸ್ಟೋರೆಂಟ್ ತಾನಾಗಿಯೇ ಬಿಲ್ಲಿಗೆ ಸೇವಾ ಶುಲ್ಕ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ, ಕೊಡಲೊಪ್ಪದವರನ್ನು ಒಳಗೆ ಬಿಡುವುದಿಲ್ಲ ಎನ್ನುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ರೆಸ್ಟೋರೆಂಟ್ ಮಾಲೀಕರ ಸಂಘಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. 2025ರ ಮಾರ್ಚ್ 28ರಂದು ನ್ಯಾಯಾಲಯ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸಂಘಗಳು ಮೇಲ್ಮನವಿ ಸಲ್ಲಿಸಿದವು.

ಲೆಕ್ಕ ಹಾಕಿ ನೋಡಿ. ಐದು ಜನರ ಊಟ 2,400 ರೂಪಾಯಿ ಆಯಿತೆನ್ನೋಣ. ಶೇಕಡ 10 ಸೇವಾ ಶುಲ್ಕ ಸೇರಿದರೆ 2,640. ಜಿಎಸ್‌ಟಿ ಬೀಳುವುದು ಈ 2,640ರ ಮೇಲೆ, ಅಂದರೆ 132. ಒಟ್ಟು 2,772. ಶುಲ್ಕ ತೆಗೆಸಿದರೆ 2,400ಕ್ಕೆ 120 ತೆರಿಗೆ, ಒಟ್ಟು 2,520. ಒಂದು ಮಾತು ಕೇಳಿದ್ದಕ್ಕೆ 252 ರೂಪಾಯಿ ಉಳಿಯಿತು. ಯಾವ ಕೂಪನ್ನಿಗೂ ಅಲೆಯಬೇಕಾಗಲಿಲ್ಲ.

ಕೇಳುವುದು ಹೇಗೆ ಎಂಬುದೇ ಹಲವರ ಕಷ್ಟ. ದನಿ ಏರಿಸುವ ಅಗತ್ಯವಿಲ್ಲ. ‘ಸೇವಾ ಶುಲ್ಕ ತೆಗೆದು ಬಿಲ್ ಮಾಡಿಕೊಡಿ’ ಎಂದರೆ ಸಾಕು. ಕಾರಣ ಹೇಳಬೇಕಿಲ್ಲ, ಊಟ ಚೆನ್ನಾಗಿರಲಿಲ್ಲ ಎಂದು ನೆಪ ಹುಡುಕಬೇಕಿಲ್ಲ. ಮಾಲೊಂದರ ರೆಸ್ಟೋರೆಂಟಿನಲ್ಲಿ ನಾನು ಹೀಗೆ ಕೇಳಿದಾಗ ಬಿಲ್ ತಂದ ಹುಡುಗ ‘ಸಿಸ್ಟಮ್ಮಿನಲ್ಲಿ ತಾನಾಗಿಯೇ ಬರುತ್ತದೆ, ತೆಗೆಯಲು ಆಗುವುದಿಲ್ಲ’ ಎಂದ. ಅವನು ಹೇಳಿದ್ದು ಅವನ ಮಟ್ಟಿಗೆ ನಿಜ, ಆ ಗುಂಡಿ ಒತ್ತುವ ಅಧಿಕಾರ ಅವನಿಗಿಲ್ಲ. ಮ್ಯಾನೇಜರನ್ನು ಕರೆಯಲು ಹೇಳಿದೆ. ಅವರು ಬಂದರು, ಬಿಲ್ ನೋಡಿದರು, ಏನೂ ಮಾತಾಡದೆ ಒಯ್ದು ಹೊಸ ಬಿಲ್ ತಂದರು. ಪಕ್ಕದ ಮೇಜಿನಲ್ಲಿದ್ದ ದಂಪತಿ ಅದನ್ನು ನೋಡುತ್ತಿದ್ದರು. ನಾವು ಏಳುವ ಮೊದಲೇ ಅವರೂ ತಮ್ಮ ಬಿಲ್ಲನ್ನು ಹಿಂದಕ್ಕೆ ಕಳಿಸಿದ್ದರು. ಒಪ್ಪದೇ ಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕರೆ ಮಾಡುವವರೆಗೆ ಹೋಗುವ ಪ್ರಮೇಯ ಬರುವುದು ಅಪರೂಪ.

ನೀರಿನ ಮಾತೂ ಇಲ್ಲೇ ಬಂದುಬಿಡಲಿ. ಕೂತ ಕೂಡಲೇ ‘ಬಾಟಲ್ ನೀರು ಕೊಡಲೇ, ಸಾದಾ ಕೊಡಲೇ’ ಎಂದು ಕೇಳುತ್ತಾರೆ. ಕೆಲವು ಕಡೆ ಕೇಳುವುದೂ ಇಲ್ಲ, ಮೇಜಿನ ಮೇಲೆ ಬಾಟಲಿ ಇಟ್ಟಿರುತ್ತಾರೆ, ಮಕ್ಕಳು ಮುಚ್ಚಳ ತಿರುಗಿಸಿದರೆ ಬಿಲ್ಲಿಗೆ ಸೇರಿತು. ಬಾಟಲಿಯ ಮೇಲೆ ಅಚ್ಚಾಗಿರುವ ಬೆಲೆಗಿಂತ ಹೆಚ್ಚು ಕೇಳಿದರೆ ಜಗಳಕ್ಕೆ ನಿಲ್ಲುವವರಿದ್ದಾರೆ. ಆದರೆ ಹೋಟೆಲು ಬರಿಯ ನೀರನ್ನಷ್ಟೇ ಮಾರುತ್ತಿಲ್ಲ, ಕೂರಲು ಜಾಗ ಮತ್ತು ಸೇವೆಯನ್ನೂ ಕೊಡುತ್ತಿದೆ, ಆದ್ದರಿಂದ ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದು ಎಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಜಗಳದಲ್ಲಿ ಗೆಲುವಿಲ್ಲ. ಕೂತೊಡನೆ ‘ಸಾದಾ ನೀರು ಕೊಡಿ’ ಎಂದು ನಾವೇ ಮೊದಲು ಹೇಳಿ, ಇಟ್ಟಿರುವ ಬಾಟಲಿಯನ್ನು ವಾಪಸು ಕೊಡುವುದೇ ಸರಿ. ಹೊಟ್ಟೆ ಸೂಕ್ಷ್ಮವಿರುವವರು ಮನೆಯಿಂದ ನೀರು ಒಯ್ಯಲಿ.

ಪಿಜ್ಜಾ ವಿಷಯದಲ್ಲಿ ಶಾಲೆಯ ಗಣಿತ ನೆನಪಿಗೆ ತಂದುಕೊಳ್ಳಬೇಕು. ಅಳತೆಯನ್ನು ಇಂಚಿನಲ್ಲಿ ಹೇಳುತ್ತಾರೆ, ಅದು ವ್ಯಾಸ. ನಾವು ತಿನ್ನುವುದು ವಿಸ್ತೀರ್ಣವನ್ನು. ಏಳು ಇಂಚಿನ ಪಿಜ್ಜಾ ಸುಮಾರು 38 ಚದರ ಇಂಚು, ಹತ್ತು ಇಂಚಿನದು 78ಕ್ಕೂ ಮಿಗಿಲು. ಅಂದರೆ ಏಳು ಇಂಚಿನ ಎರಡು ಪಿಜ್ಜಾ ಸೇರಿದರೂ ಹತ್ತು ಇಂಚಿನ ಒಂದಕ್ಕೆ ಕೊಂಚ ಕಡಿಮೆಯೇ. ಅದರ ಮೇಲೆ ಚಿಕ್ಕ ಪಿಜ್ಜಾದಲ್ಲಿ ಅಂಚಿನ ಒಣ ಭಾಗದ ಪಾಲು ಹೆಚ್ಚು. ‘ಒಂದು ಕೊಂಡರೆ ಒಂದು ಉಚಿತ’ ಎಂದು ಕಂಡಾಗ ನಾನು ಮೊದಲು ನೋಡುವುದು ಅದು ಯಾವ ಅಳತೆಗೆ, ಯಾವ ದಿನಕ್ಕೆ, ಅಂಗಡಿಯಲ್ಲಿ ಕೂತು ತಿಂದರೂ ಉಂಟೇ ಎಂಬುದನ್ನು. ನಾಲ್ಕು ಜನ ಹೋದರೆ ತಲೆಗೊಂದು ಚಿಕ್ಕದು ಬೇಡ. ದೊಡ್ಡ ಎರಡನ್ನು ಅರ್ಧ ಒಂದು ಬಗೆ, ಅರ್ಧ ಇನ್ನೊಂದು ಬಗೆ ಮಾಡಿಸಿಕೊಳ್ಳಬಹುದೇ ಎಂದು ಕೇಳಿ. ಮಾಡಿಕೊಡುವ ಕಡೆಗಳಲ್ಲಿ ರುಚಿಯೂ ಹೆಚ್ಚು, ಬಿಲ್ಲೂ ಕಡಿಮೆ.

ಕೂಪನ್ನುಗಳಲ್ಲಿ ಒಂದು ಪದವನ್ನು ಮಾತ್ರ ನೋಡಿದರೂ ಸಾಕು: ‘ಕನಿಷ್ಠ’. 500 ರೂಪಾಯಿಗೆ ಮೇಲ್ಪಟ್ಟ ಖರೀದಿಗೆ 100 ರೂಪಾಯಿ ಕಡಿತ ಎಂದಿರುತ್ತದೆ. ನಿಮ್ಮ ಹಸಿವು 380 ರೂಪಾಯಿಯದು. ಕೂಪನ್ನಿಗೆಂದು ಬೆಳ್ಳುಳ್ಳಿ ಬ್ರೆಡ್ಡನ್ನೂ ಚಾಕೊಲೇಟ್ ಕೇಕನ್ನೂ ಸೇರಿಸಿ 500 ದಾಟಿಸಿದರೆ ಕೊಡುವುದು 400ಕ್ಕೂ ಹೆಚ್ಚು. ಉಳಿಸಿದ ಸಂತೋಷದಲ್ಲಿ 20 ರೂಪಾಯಿ ಹೆಚ್ಚು ಕೊಟ್ಟು, ಬೇಡದ್ದನ್ನು ತಿಂದು ಬಂದಂತಾಯಿತು. ಹಸಿವು ಮೊದಲೇ 520ರದ್ದಾಗಿದ್ದರೆ ಆ ಕೂಪನ್ ನಿಜವಾದ ಲಾಭ. ಕೂಪನ್ ಕೆಟ್ಟದ್ದಲ್ಲ, ಅದು ನಮ್ಮ ಹಸಿವಿನ ಹಿಂದೆ ಬರಬೇಕೇ ಹೊರತು ಮುಂದೆ ನಡೆಯಬಾರದು. ಹಾಗಾಗಿ ಏನು ತಿನ್ನಬೇಕೆಂದು ತೀರ್ಮಾನಿಸಿದ ಮೇಲೆಯೇ ನಾನು ಆ್ಯಪ್ ತೆರೆಯುತ್ತೇನೆ.

ಬರ್ಗರ್ ಒಂದನ್ನೇ ಕೇಳಿದರೆ ಕೌಂಟರಿನಾಚೆಯಿಂದ ‘ಮೀಲ್ ಮಾಡಲೇ’ ಎಂಬ ಪ್ರಶ್ನೆ ಬರುತ್ತದೆ. ಆ ಮಕ್ಕಳಿಗೆ ಅದು ಕೆಲಸದ ಭಾಗ, ಅವರ ಮೇಲೆ ಸಿಡುಕಬಾರದು. ಮೀಲ್ ಎಂದರೆ ಬರ್ಗರಿನ ಜೊತೆ ಆಲೂಗಡ್ಡೆಯ ಫ್ರೈಸ್ ಮತ್ತು ತಂಪು ಪಾನೀಯ. ಈ ಎರಡರಲ್ಲೂ ಹೋಟೆಲಿಗೆ ತಗಲುವ ಖರ್ಚಿಗಿಂತ ನಾವು ಕೊಡುವ ಬೆಲೆ ಬಹಳ ಮೇಲಿರುತ್ತದೆ, ಪಾನೀಯದಲ್ಲಂತೂ ಲೋಟದ ಬಹುಭಾಗ ಐಸೇ. ಇಬ್ಬರಿಗೆ ಒಂದು ಮೀಲ್, ಜೊತೆಗೆ ಒಂದು ಬಿಡಿ ಬರ್ಗರ್ ತೆಗೆದುಕೊಂಡರೆ ಇಬ್ಬರೂ ಎಲ್ಲದರ ರುಚಿ ನೋಡುತ್ತಾರೆ. ಪಾನೀಯಕ್ಕೆ ಐಸ್ ಕಡಿಮೆ ಹಾಕಿ ಎಂದು ಹೇಳಬಹುದು. ಈಚೆಗೆ ಹಲವು ಮಳಿಗೆಗಳಲ್ಲಿ ಪರದೆ ಮುಟ್ಟಿ ನಾವೇ ಆರ್ಡರ್ ಮಾಡುವ ಯಂತ್ರಗಳಿವೆ. ಅವೂ ‘ಇದು ಬೇಕೆ, ಅದು ಬೇಕೆ’ ಎಂದು ಕೇಳುತ್ತವೆ, ಆದರೆ ಹಿಂದೆ ನಿಂತವರ ಅವಸರವಿಲ್ಲದೆ, ಮುಖ ನೋಡದೆ ಬೇಡ ಎನ್ನಬಹುದು. ಸಂಕೋಚದವರಿಗೆ ನಾನು ಈ ಯಂತ್ರವನ್ನೇ ತೋರಿಸುತ್ತೇನೆ.

ಹೆಚ್ಚಿನವರು ಬಳಸದ ಒಂದು ಮಾಹಿತಿ ಮೆನುವಿನಲ್ಲೇ ಇದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಮಳಿಗೆಗಳಿರುವ ಹೋಟೆಲುಗಳು ಪ್ರತಿ ತಿಂಡಿಯ ಎದುರು ಅದರ ಕ್ಯಾಲೊರಿ ನಮೂದಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ತೂಕ ಇಳಿಸುವವರಿಗಷ್ಟೇ ಅದು ಎಂದು ಬಿಟ್ಟುಬಿಡಬೇಡಿ. ಫೋಟೋದಲ್ಲಿ ಎಲ್ಲ ಬರ್ಗರುಗಳೂ ಒಂದೇ ಎತ್ತರ ಕಾಣುತ್ತವೆ. ಯಾವುದು ಹೊಟ್ಟೆ ತುಂಬಿಸುತ್ತದೆ, ಯಾವುದು ಬರಿಯ ಸೊಪ್ಪು ಮತ್ತು ಗಾಳಿ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಬೆಳೆಯುವ ಹುಡುಗರನ್ನು ಕರೆದುಕೊಂಡು ಹೋದಾಗ ನಾನು ಬೆಲೆಯ ಪಕ್ಕದಲ್ಲಿ ಅದನ್ನೂ ನೋಡುತ್ತೇನೆ.

ಇನ್ನು ಬಫೆ, ಅಂದರೆ ತಲೆಗಿಷ್ಟು ಎಂದು ಒಂದೇ ಬೆಲೆ ಕೊಟ್ಟು ಬೇಕಾದಷ್ಟು ತಿನ್ನುವ ಊಟ. ಬಾರ್ಬೆಕ್ಯೂ ನೇಷನ್ 2006ರಲ್ಲಿ ಮುಂಬೈಯಲ್ಲಿ ಆರಂಭವಾಗಿ ಈಗ ಬೆಂಗಳೂರನ್ನೇ ಕೇಂದ್ರ ಮಾಡಿಕೊಂಡಿರುವ ಚೈನ್. ಅಲ್ಲಿ ಮೇಜಿನ ನಡುವೆ ಕೆಂಡದ ಗುಂಡಿ, ಪಕ್ಕದಲ್ಲಿ ಒಂದು ಪುಟ್ಟ ಬಾವುಟ. ಬಾವುಟ ನಿಂತಿರುವಷ್ಟು ಹೊತ್ತೂ ಕಡ್ಡಿಗೆ ಚುಚ್ಚಿದ ತಿಂಡಿಗಳು ಬರುತ್ತಲೇ ಇರುತ್ತವೆ. ಮಸಾಲೆ ಸವರಿದ ಆಲೂಗಡ್ಡೆ, ಗರಿಗರಿ ಜೋಳ, ಪನೀರು, ಅಣಬೆ, ಕೆಂಡದಲ್ಲಿ ಸುಟ್ಟ ಅನಾನಸ್. ಆಲೂಗಡ್ಡೆ ಎಷ್ಟು ರುಚಿ ಎಂದರೆ ಎರಡನೆಯ ತಟ್ಟೆಯನ್ನೂ ಕೇಳಿಬಿಡುತ್ತೇವೆ, ಅಲ್ಲಿಗೆ ಹೊಟ್ಟೆ ತುಂಬಿತು. ಒಳಗೆ ಸಾಲಾಗಿ ಜೋಡಿಸಿಟ್ಟ ಬಿರಿಯಾನಿ, ಸಾರು, ಸಿಹಿ ಇವೆಲ್ಲಕ್ಕೂ ಸೇರಿಸಿಯೇ ಹಣ ಕೊಟ್ಟಿರುತ್ತೇವೆ. ಮೊದಲ ಸುತ್ತು ಬಂದೊಡನೆ ಬಾವುಟವನ್ನು ಮಲಗಿಸಿ, ಎದ್ದುಹೋಗಿ ಏನೇನಿದೆ ಎಂದು ಒಮ್ಮೆ ನೋಡಿ ಬರಬೇಕು. ಆಮೇಲೆ ಬಾವುಟ ಎತ್ತಿ, ಬೇಕಾದುದನ್ನು ಹೆಸರು ಹೇಳಿ ಕೇಳಬೇಕು. ಕೇಳಿದವರಿಗೆ ಕೇಳಿದ್ದನ್ನೇ ತರುತ್ತಾರೆ.

ಬಫೆಯ ಬೆಲೆ ಗಂಟೆಗೂ ವಾರಕ್ಕೂ ತಕ್ಕಂತೆ ಬದಲಾಗುತ್ತದೆ. ಅದೇ ಅಡುಗೆಮನೆ, ಹೆಚ್ಚುಕಡಿಮೆ ಅದೇ ಊಟ. ವಾರದ ನಡುವಿನ ಮಧ್ಯಾಹ್ನಕ್ಕೆ ಒಂದು ಬೆಲೆ, ಶನಿವಾರ ರಾತ್ರಿಗೆ ಇನ್ನೊಂದು. ಬೇಗ ಹೋಗಿ ಕೂರುವವರಿಗೆ ರಿಯಾಯಿತಿ ಇಡುವುದೂ ಉಂಟು. ಹುಟ್ಟುಹಬ್ಬ ಬುಧವಾರ ಬಂದರೆ ಅದನ್ನು ಭಾನುವಾರಕ್ಕೆ ತಳ್ಳುವುದು ನಮ್ಮ ಅಭ್ಯಾಸ. ಸಾಧ್ಯವಿರುವ ಮನೆಗಳು ಬುಧವಾರವೇ ಮಧ್ಯಾಹ್ನ ಹೋದರೆ ಒಂದು ತಲೆಯ ಬೆಲೆಯಷ್ಟಾದರೂ ಉಳಿಯುತ್ತದೆ, ಜೊತೆಗೆ ಗದ್ದಲವಿಲ್ಲ. ಮಕ್ಕಳ ಬೆಲೆ ಯಾವ ವಯಸ್ಸಿನವರೆಗೆ ಎಂಬುದನ್ನು ಫೋನಿನಲ್ಲೇ ಕೇಳಿಕೊಳ್ಳಿ. ಫೋನಿನಲ್ಲಿ ಹೇಳುವ ಬೆಲೆಗೆ ತೆರಿಗೆ ಸೇರಿದೆಯೇ ಎಂಬುದನ್ನೂ.

ಎಲ್ಲಕ್ಕಿಂತ ಮುಖ್ಯ, ಯಾರನ್ನು ಬಫೆಗೆ ಕರೆದೊಯ್ಯಬೇಕು ಎಂಬುದು. ರಾತ್ರಿ ಎರಡು ಇಡ್ಲಿ ತಿನ್ನುವ ಅಜ್ಜಿಗೂ ಹದಿನೆಂಟರ ಮೊಮ್ಮಗನಿಗೂ ಅಲ್ಲಿ ಒಂದೇ ಬೆಲೆ. ಅಜ್ಜಿ ‘ಇಷ್ಟೊಂದು ದುಡ್ಡು ಕೊಟ್ಟಿದ್ದೀರಲ್ಲ’ ಎಂದು ಬಲವಂತಕ್ಕೆ ತಿಂದು ಎರಡು ದಿನ ಒದ್ದಾಡುತ್ತಾರೆ. ಹಿರಿಯರಿರುವ ದಿನ ಎಂಟಿಆರ್, ಎ2ಬಿ, ಕಾಮತ್‌ನಂಥ ಕಡೆಗೇ ಹೋಗುತ್ತೇನೆ. ಒಂದು ಮಸಾಲೆ ದೋಸೆಯನ್ನು ಇಬ್ಬರಿಗೆ, ಕಾಫಿಯನ್ನು ಬೈ ಟೂ ಮಾಡಿಸಿಕೊಳ್ಳುವುದು ನಮ್ಮ ಹೋಟೆಲುಗಳಲ್ಲಿ ಯಾರೂ ಹುಬ್ಬೇರಿಸದ ಸಂಪ್ರದಾಯ. ಬೆಂಗಳೂರಿನ ಕಾಫಿ ಸಂಸ್ಕೃತಿಯ ಅರ್ಧದಷ್ಟು ಗೆಳೆತನ ಬೈ ಟೂ ಲೋಟಗಳಲ್ಲೇ ಬೆಳೆದದ್ದು. ಅದನ್ನು ಕೇಳಲು ಹೊಸ ತಲೆಮಾರು ಹಿಂಜರಿಯುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಮ್ಮ ಸಸ್ಯಾಹಾರಿ ಹೋಟೆಲುಗಳಲ್ಲಿ ಇನ್ನೊಂದನ್ನು ಗಮನಿಸಿ. ಕೆಳಗಡೆ ಸ್ವಸಹಾಯ, ಮೇಲ್ಗಡೆ ಎಸಿ ಹಾಲ್ ಎಂದಿರುವ ಕಡೆ ಅದೇ ದೋಸೆಗೆ ಎರಡು ಬೆಲೆ. ಮೊಣಕಾಲು ನೋವಿನವರಿದ್ದರೆ ಹಾಲಿಗೆ ಹೋಗಲೇಬೇಕು, ಅದಕ್ಕೆ ಹೆಚ್ಚು ಕೊಡುವುದು ನ್ಯಾಯ. ಬರಿಯ ಅಭ್ಯಾಸಬಲದಿಂದ ಮೆಟ್ಟಿಲು ಹತ್ತುವುದು ಬೇಡ.

ಮನೆಗೆ ತರಿಸಿಕೊಳ್ಳುವ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಉಳಿಸಲು ಇರುವ ದಾರಿ ಒಂದೇ: ನಡೆದು ಹೋಗಿ ತರುವುದು. ಆ್ಯಪುಗಳಲ್ಲಿ ಬಹಳ ಹೋಟೆಲುಗಳು ಬೆಲೆಯನ್ನೇ ಏರಿಸಿಟ್ಟಿರುತ್ತವೆ, ಆ್ಯಪಿಗೆ ಅವು ಕಮಿಷನ್ ಕೊಡಬೇಕಲ್ಲ. ಅದರ ಮೇಲೆ ಪ್ಯಾಕಿಂಗ್, ಡೆಲಿವರಿ, 2023ರಿಂದ ‘ಪ್ಲಾಟ್‌ಫಾರ್ಮ್ ಶುಲ್ಕ’. ಸ್ವಿಗ್ಗಿ ಮತ್ತು ಜೊಮ್ಯಾಟೊ ಎರಡೂ ಅದನ್ನು 2 ರೂಪಾಯಿಯಿಂದ ಶುರುಮಾಡಿದವು, ಆಮೇಲೆ ಅದು ಏರುತ್ತಲೇ ಹೋಯಿತು. ಆ್ಯಪಿನ ಬೆಲೆಯನ್ನೂ ಹೋಟೆಲಿನ ಗೋಡೆಯ ಬೆಲೆಯನ್ನೂ ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಿದವರು ಹತ್ತಿರದ ಹೋಟೆಲಿಗೆ ಚೀಲ ಹಿಡಿದು ಹೊರಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತು ಹೇಳದೆ ಹೋದರೆ ಅನ್ಯಾಯ. ರಿಯಾಯಿತಿ ಆಕಾಶದಿಂದ ಬೀಳುವುದಿಲ್ಲ, ಯಾರೋ ಒಬ್ಬರು ಅದನ್ನು ಭರಿಸುತ್ತಾರೆ. ಜೊಮ್ಯಾಟೊ ಗೋಲ್ಡ್‌ನಂಥ ಯೋಜನೆಗಳು ಒಂದಕ್ಕೆ ಒಂದು ಉಚಿತ ಕೊಡುತ್ತಾ ಹೋದಾಗ, ಆ ಭಾರ ತಮ್ಮ ತಲೆಗೇ ಬರುತ್ತಿದೆ ಎಂದು 2019ರ ಆಗಸ್ಟಿನಲ್ಲಿ ಸಾವಿರಾರು ರೆಸ್ಟೋರೆಂಟುಗಳು ಒಟ್ಟಾಗಿ ಇಂಥ ಆ್ಯಪುಗಳಿಂದ ‘ಲಾಗೌಟ್’ ಆದವು. ಅದಕ್ಕೂ ಬಹಳ ಹಿಂದೆ, ತುರ್ತು ಪರಿಸ್ಥಿತಿಯ ದಿನಗಳಲ್ಲಿ, 1924ರಿಂದ ನಡೆಯುತ್ತಿದ್ದ ನಮ್ಮ ಮಾವಳ್ಳಿ ಟಿಫಿನ್ ರೂಮ್ಸ್ ಸರ್ಕಾರ ಗೊತ್ತುಮಾಡಿದ ಕಡಿಮೆ ಬೆಲೆಗೆ ತನ್ನ ಗುಣಮಟ್ಟದ ತಿಂಡಿ ಕೊಡಲಾಗದೆ ಬಾಗಿಲು ಮುಚ್ಚಿತ್ತು. ತುಪ್ಪ, ಬೇಳೆಯ ಬೆಲೆ ಒಂದು ಕಡೆ, ಮಾರಬೇಕಾದ ಬೆಲೆ ಇನ್ನೊಂದು ಕಡೆ. ಆ ಸಂಕಟದಲ್ಲೇ ಅವರು ಸಿದ್ಧ ಹಿಟ್ಟುಗಳ ಪ್ಯಾಕೆಟ್ ಮಾಡಲು ಕೈಹಾಕಿದರು. ಹೋಟೆಲು ಮತ್ತೆ ತೆರೆಯಲು ವರ್ಷಗಳೇ ಹಿಡಿದವು. ಒಳ್ಳೆಯ ತಿಂಡಿಗೆ ಒಂದು ನ್ಯಾಯವಾದ ಬೆಲೆಯಿದೆ. ಅದನ್ನು ಕಡಿಮೆ ಮಾಡಿ ಎಂದು ನಾನೆಂದೂ ಕೇಳುವುದಿಲ್ಲ. ನನ್ನ ತಕರಾರೆಲ್ಲ ಆ ಬೆಲೆಯ ಸುತ್ತ ಕಟ್ಟಿದ ಬೇಲಿಯ ಬಗ್ಗೆ ಮಾತ್ರ.

ಉಳಿದದ್ದನ್ನು ಕಟ್ಟಿಸಿಕೊಂಡು ಬರುವುದರಲ್ಲೂ ಅದೇ ಹಿಂಜರಿಕೆ ಕಾಣುತ್ತದೆ. ಅರ್ಧ ಉಳಿದ ಬಟ್ಟಲು ಕುರ್ಮಾ, ಎರಡು ರೊಟ್ಟಿ, ಪಿಜ್ಜಾದ ಎರಡು ಚೂರು ಇವೆಲ್ಲ ಹಣ ಕೊಟ್ಟು ಕೊಂಡ ಅನ್ನ. ಬಫೆಯಲ್ಲಿ ಕಟ್ಟಿಕೊಡುವುದಿಲ್ಲ, ಅದು ಒಪ್ಪಂದ. ಮಿಕ್ಕೆಲ್ಲ ಕಡೆ ಕೇಳಿದರೆ ಡಬ್ಬಿ ಕೊಡುತ್ತಾರೆ. ಡಬ್ಬಿಗೂ ಹಣ ಕೇಳುವ ಕಡೆಗೆ ಹೋಗುವಾಗ ನಾನು ಕೈಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡಿರುತ್ತೇನೆ.

ಸೇವಾ ಶುಲ್ಕ ತೆಗೆಸಿದ ದಿನ ಬಡಿಸಿದವರಿಗೆ ಏನೂ ಕೊಡದೆ ಎದ್ದು ಬರುವವರನ್ನು ನಾನು ಒಪ್ಪುವುದಿಲ್ಲ. ಬಿಲ್ಲಿನೊಳಗಿನ ಶುಲ್ಕ ಯಾರಿಗೆ ಎಷ್ಟು ತಲುಪುತ್ತದೆ ಎಂದು ನಮಗೆ ಕಾಣುವುದಿಲ್ಲ, ಕೈಗೆ ಕೊಟ್ಟದ್ದು ಕಾಣುತ್ತದೆ. ಮಕ್ಕಳು ಚೆಲ್ಲಿದ ಸಾಸನ್ನು ಮುಖ ಸಿಂಡರಿಸದೆ ಒರೆಸಿದ ಹುಡುಗಿಗೆ, ಅಜ್ಜಿಗೆ ಬಿಸಿನೀರು ತಂದುಕೊಟ್ಟ ಹುಡುಗನಿಗೆ, ಉಳಿದ 252 ರೂಪಾಯಿಯಲ್ಲಿ 100 ಕೊಟ್ಟರೂ ಮನೆಗೆ 152 ಬರುತ್ತದೆ. ಕೊಡುವಾಗ ಬಿಲ್ಲಿನ ಪುಸ್ತಕದೊಳಗೆ ಇಟ್ಟು ಹೋಗಬೇಡಿ, ಆ ಪುಸ್ತಕ ಬೇರೆಯವರ ಕೈ ಸೇರಬಹುದು. ಅವರನ್ನೇ ಕರೆದು ಕೈಗೆ ಕೊಡಿ. ಕಾರ್ಡಿನಲ್ಲಿ, ಮೊಬೈಲಿನಲ್ಲಿ ಬಿಲ್ ಕಟ್ಟುವವರು ಇದಕ್ಕೆಂದು ಕೆಲವು ನೋಟುಗಳನ್ನು ಬೇರೆಯಾಗಿ ಇಟ್ಟುಕೊಂಡು ಹೋಗಬೇಕು. ನೋಟಿಲ್ಲದಿದ್ದರೆ ‘ನಿಮ್ಮ ಫೋನಿಗೆ ಕಳಿಸಲೇ’ ಎಂದು ಕೇಳಿ, ಅವರ ಕ್ಯೂಆರ್ ಕೋಡಿಗೆ ನೇರವಾಗಿ ಹಾಕಿದರೂ ಆಯಿತು.